ಎರಡು ನೀರಿನ ಹರಳು

ನಮ್ಮ ಮೇಡಂ ಬಾಗಿಲು ಹಾಕುವ ರೀತಿಯೇ ಬೇರೆ. ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಹಲಗೆಯ ಮೇಲೆ ಇಟ್ಟು, ಮಲಗಿದ ಮಗುವಿನ ಕೋಣೆಯಿಂದ ಹೊರಬರುವವರಂತೆ ನಿಧಾನವಾಗಿ ಎಳೆದುಕೊಳ್ಳುತ್ತಿದ್ದರು. ಚಿಲಕದ ಸದ್ದು ಕೇಳಿಸುತ್ತಿರಲಿಲ್ಲ. ವಿಶ್ವವಿದ್ಯಾಲಯದ ರಸಾಯನ ವಿಭಾಗದಲ್ಲಿ ಸಂಶೋಧನೆಗೆಂದು ಅವರ ಬಳಿ ಸೇರಿದ ಮೊದಲ ದಿನ ನಾನು ಎಲ್ಲರ ಹಾಗೆ ಬಾಗಿಲು ದೂಡಿಕೊಂಡು ಒಳಗೆ ಹೋಗಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲೆ ಸಾಲಾಗಿಟ್ಟಿದ್ದ ಬೀಕರುಗಳನ್ನು ನೋಡಿದರು. ಆಮೇಲೆ, "ಹರಳು ಬೆಳೀತಿರೋ ಜಾಗ ಕಣಮ್ಮ ಇದು, ಮೆತ್ತಗೆ ಓಡಾಡು" ಅಂದರು.

ಅವರು ದೇವರಾಜ ಮೊಹಲ್ಲಾದವರು. ಕೆಳಗೆ ಗ್ರಂಧಿಗೆ ಅಂಗಡಿ, ಮೇಲೆ ಮನೆ. ವಿಭೂತಿ, ಕರ್ಪೂರ, ಒಣಶುಂಠಿ, ಕಲ್ಲುಸಕ್ಕರೆ ಮಾರುವ ಅಂಗಡಿ. ಅವರ ಅಜ್ಜನ ಕಾಲದಿಂದ ಮಠಕ್ಕೆ ವಿಭೂತಿ ಅಲ್ಲಿಂದಲೇ ಹೋಗುತ್ತಿತ್ತಂತೆ. ಚಿಕ್ಕವರಿದ್ದಾಗ ಕಲ್ಲುಸಕ್ಕರೆಯ ದಾರದಿಂದ ಒಂದೊಂದೇ ಹರಳು ಕಿತ್ತು, ಎಲ್ಲಕ್ಕಿಂತ ಮೊದಲು ಬಂದು ಕೂತದ್ದು ಯಾವುದೆಂದು ಹುಡುಕುತ್ತಿದ್ದರಂತೆ. ಅಪ್ಪ ಬೈಯುತ್ತಿದ್ದರು, ಮಗಳು ನಿಲ್ಲಿಸುತ್ತಿರಲಿಲ್ಲ. ಮದುವೆಯಾಗದೆ ಅದೇ ಮನೆಯ ಮಹಡಿಯ ಕೋಣೆಯಲ್ಲಿ ತಮ್ಮನ ಸಂಸಾರದ ಜೊತೆ ಇದ್ದರು. ದಸರೆಗೆ ಮುಂಚೆ ಅರಮನೆಯ ಬಳಿ ಕುಶಾಲತೋಪು ಹಾರಿಸುವ ತಾಲೀಮು ನಡೆದು ನೆಲ ಅದುರುವ ದಿನಗಳಲ್ಲಿ ಕೋಣೆಯಲ್ಲಿಟ್ಟಿದ್ದ ಬೀಕರುಗಳನ್ನೆಲ್ಲ ಮಡಿಸಿದ ಕಂಬಳಿಯ ಮೇಲೆ ಕೂರಿಸಿ ಬರುತ್ತಿದ್ದರು. ಇದನ್ನು ಅವರು ತಮಾಷೆಯೆಂದು ಹೇಳಿದವರಲ್ಲ. ನಾವು ನಕ್ಕರೆ, ನಕ್ಕದ್ದು ಯಾಕೆಂದು ತಿಳಿಯದೆ ನಮ್ಮ ಮುಖ ನೋಡುತ್ತಿದ್ದರು.

ಸ್ನೇಹಿತರು ಇರಲಿಲ್ಲ. ವಿಭಾಗದ ಉಳಿದ ಅಧ್ಯಾಪಕರು ಮಧ್ಯಾಹ್ನ ಒಟ್ಟಿಗೆ ಕೂತು ಊಟ ಮಾಡಿದರೆ ಮೇಡಂ ಎಕ್ಸ್-ರೇ ಯಂತ್ರದ ಕೋಣೆಯ ಹೊರಗಿನ ಬೆಂಚಿನಲ್ಲಿ ಒಬ್ಬರೇ ಡಬ್ಬಿ ಬಿಚ್ಚುತ್ತಿದ್ದರು. ಯಾರ ಮೇಲೂ ಮುನಿಸಿರಲಿಲ್ಲ. ಮಾತಿಗೆ ಕೂತರೆ ಏನು ಮಾತಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಅಷ್ಟೆ. ಡಬ್ಬಿ ತೊಳೆದ ಮೇಲೆ ಒಂದು ಹನಿಯೂ ಉಳಿಯದ ಹಾಗೆ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸುತ್ತಿದ್ದರು.

ಅವರನ್ನು ಕಾಡುತ್ತಿದ್ದ ಪ್ರಶ್ನೆ ಒಂದೇ. ದ್ರಾವಣದಲ್ಲಿ ಚದುರಿಕೊಂಡಿರುವ ಅಣುಗಳ ಪೈಕಿ ಮೊದಲ ನಾಲ್ಕಾರು ಅಣುಗಳು ಹೇಗೆ ಒಂದನ್ನೊಂದು ಹಿಡಿಯುತ್ತವೆ? ಹರಳು ಹುಟ್ಟುವುದು ಆಗ. ಕಣ್ಣಿಗೆ ಕಾಣುವಷ್ಟು ಬೆಳೆಯುವ ಹೊತ್ತಿಗೆ ಹುಟ್ಟಿದ ಬಗೆ ಅಳಿಸಿಹೋಗಿರುತ್ತದೆ, ಮತ್ತು ಹುಟ್ಟುವ ಗಳಿಗೆಯನ್ನೇ ಹಿಡಿದು ನೋಡುವ ಯಂತ್ರ ನಮ್ಮಲ್ಲಿ ಇರಲಿಲ್ಲ. ಅದಕ್ಕೇ ಅವರು ನೀರು ಹಿಡಿದ ಹರಳುಗಳ ಹಿಂದೆ ಬಿದ್ದಿದ್ದರು. ನೀರಿನಲ್ಲಿ ಕರಗಿದ ಅಣುವಿನ ಸುತ್ತ ನೀರು ಮುತ್ತಿಕೊಂಡಿರುತ್ತದೆ. ಎರಡು ಅಣುಗಳು ಕೂಡಬೇಕಾದರೆ ನಡುವಿನ ನೀರು ಜಾಗ ಬಿಡಬೇಕು. ಒಮ್ಮೊಮ್ಮೆ ಎಲ್ಲ ನೀರೂ ಹೊರಡುವ ಮೊದಲೇ ಹರಳು ಕಟ್ಟಿಬಿಡುತ್ತದೆ. ಉಳಿದ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಬೇರೆಯವರು ಅಂಥ ಹರಳು ಬಂದರೆ ಕೆಟ್ಟಿತು ಅಂದುಕೊಂಡು ಚೆಲ್ಲುತ್ತಿದ್ದರು. ಮೇಡಂ ಅದನ್ನೇ ಕೇಳಿ ತರುತ್ತಿದ್ದರು.

"ಮದುವೆ ಮನೆಗೆ ನೆಂಟ್ರೆಲ್ಲ ಹೋದ್ಮೇಲೆ ಹೋಗಿ ನಿಂತ್ಕೊಂಡ್ರೆ ಯಾರು ಮೊದಲು ಎದ್ರು, ಯಾರು ಆಮೇಲೆ ಎದ್ರು ಗೊತ್ತಾಗುತ್ತೇನಮ್ಮ?" ಎಂದು ನನ್ನನ್ನು ಕೇಳಿದ್ದರು. "ಅರ್ಧ ಜನ ಇನ್ನೂ ಇರೋವಾಗ ಹೋಗ್ಬೇಕು."

ನಾವು ಹಿಡಿದುಕೊಂಡಿದ್ದದ್ದು ಒಂದು ಹಳೆಯ ಔಷಧದ ಪುಡಿ. ಅದರ ಎರಡು ಬಗೆಯ ಹರಳು ಎಲ್ಲರಿಗೂ ಗೊತ್ತಿದ್ದವು. ಒಂದರಲ್ಲಿ ನೀರೇ ಇಲ್ಲ. ಅಣುಗಳು ಜೋಡಿಯಾಗಿ, ಆ ಜೋಡಿಗಳು ಒಂದಕ್ಕೊಂದು ಹೆಣೆದುಕೊಂಡು ಸಾಲಾಗಿ ಕೂತಿರುತ್ತವೆ. ಇನ್ನೊಂದರಲ್ಲಿ ಪ್ರತಿ ಅಣುವಿಗೆ ನಾಲ್ಕು ನೀರು. ಅಲ್ಲಿ ಔಷಧದ ಅಣುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ. ಹಾಗಾದರೆ ಮೊದಲು ಆಗುವುದು ಜೋಡಿಯೋ, ಸಾಲೋ? ನಡುವಿನದೊಂದು, ಎರಡು ನೀರಿನ ಹರಳು ಸಿಕ್ಕಿದರೆ ಹೇಳಬಹುದು. ನಾನು ಸೇರುವ ಮೊದಲೇ ಮೇಡಂ ಅದನ್ನು ಒಂಬತ್ತು ವರ್ಷ ಹುಡುಕಿದ್ದರು.

ಅದು ನನ್ನ ಕೈಯಲ್ಲಿ ಬಂತು. ಬಂದದ್ದು ಹೇಗೆಂಬುದನ್ನು ಈಗ ಹೇಳುತ್ತೇನೆ. ಅವರಿಗೆ ಹೇಳುವುದಕ್ಕೆ ನಾನು ಹನ್ನೆರಡು ವರ್ಷ ತೆಗೆದುಕೊಂಡೆ.

ದಸರಾ ರಜೆಯ ಹಿಂದಿನ ದಿನ ಮಧ್ಯಾಹ್ನ. ನಾನು ಹುಣಸೂರಿನ ಬಸ್ಸು ಹಿಡಿಯಬೇಕಿತ್ತು. ಹೊರಡುವ ಮೊದಲು ಒಂದು ದ್ರಾವಣ ಮಾಡಿಟ್ಟು ಹೋಗಲು ಮೇಡಂ ಹೇಳಿದ್ದರು. ನೀರು ಬಟ್ಟಿ ಇಳಿಸುವ ಯಂತ್ರ ಎರಡು ದಿನದಿಂದ ಕೆಟ್ಟಿತ್ತು. ಮೇಲಿನ ಮಹಡಿಯ ಲ್ಯಾಬಿಗೆ ಹೋಗಿ ತರಬೇಕಿತ್ತು. ನಾನು ಹೋಗಲಿಲ್ಲ. ಮೊಗಸಾಲೆಯಲ್ಲಿ ಕುಡಿಯಲು ಇಟ್ಟಿದ್ದ ಫಿಲ್ಟರಿನಿಂದ ನೀರು ಹಿಡಿದೆ. ನಮ್ಮ ಬೀಕರುಗಳು ಒಣಗಿರಲಿಲ್ಲವೆಂದು ಪಕ್ಕದ ಲ್ಯಾಬಿನ ಗೆಳತಿಯ ಸ್ಟ್ಯಾಂಡಿನಿಂದ ಒಂದನ್ನು ಎತ್ತಿಕೊಂಡೆ. ಅದನ್ನು ಅವಳು ಸರಿಯಾಗಿ ತೊಳೆದಿದ್ದಳೋ ಇಲ್ಲವೋ ನೋಡಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಎಂದಿನಂತೆ, ಎರಡು ಸಲ ಬಟ್ಟಿ ಇಳಿಸಿದ ನೀರು, ಆಸಿಡ್ಡಿನಲ್ಲಿ ತೊಳೆದ ಬೀಕರು ಎಂದು ಬರೆದು ಸಹಿ ಹಾಕಿ ಓಡಿದೆ.

ರಜೆ ಮುಗಿಸಿ ಬಂದಾಗ ಬೀಕರಿನ ತಳದಲ್ಲಿ ಐದು ತೆಳು ಬಿಲ್ಲೆಗಳಂಥ ಹರಳುಗಳು ಇದ್ದವು. ನಾಲ್ಕು ನೀರಿನ ಹರಳು ಸೂಜಿಯಂತಿರುತ್ತದೆ, ಇವು ಹಾಗಿರಲಿಲ್ಲ. ಮೇಡಂ ಸೂಕ್ಷ್ಮದರ್ಶಕದಲ್ಲಿ ನೋಡಿ ಒಂದನ್ನು ಎಣ್ಣೆಯ ಹನಿಯಲ್ಲಿ ಎತ್ತಿಕೊಂಡು ಯಂತ್ರದ ಕೋಣೆಗೆ ಹೋದರು. ಆ ದಿನವೆಲ್ಲ ಸ್ಟೂಲಿನ ಮೇಲೆ ಕೂತೇ ಇದ್ದರು. ಡಬ್ಬಿ ಬಿಚ್ಚಲಿಲ್ಲ. ಸಂಜೆ ಅಣುಗಳ ಚಿತ್ರ ಪರದೆಯ ಮೇಲೆ ಬಂತು: ಅಣುಗಳು ಎರಡೆರಡಾಗಿ ಹಿಡಿದುಕೊಂಡಿದ್ದವು, ಜೋಡಿಗೂ ಜೋಡಿಗೂ ನಡುವೆ ನೀರು ನಿಂತಿತ್ತು. ಮೇಡಂ, "ಜೋಡಿ ಮೊದಲು" ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅದನ್ನೇ ಅಂದರು. ಆಮೇಲೆ ಚೀಲದಿಂದ ಒಂದು ಚೂರು ಕಲ್ಲುಸಕ್ಕರೆ ತೆಗೆದು ಹಲ್ಲಿನಲ್ಲಿ ಕಡಿದು ಅರ್ಧ ನನಗೆ ಕೊಟ್ಟರು. ಎಂಜಲಾಯಿತೆಂಬುದು ಆಮೇಲೆ ಹೊಳೆದು ನಾಚಿಕೊಂಡರು. ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬೀಕರಿನಲ್ಲಿ ಉಳಿದಿದ್ದ ನಾಲ್ಕು ಹರಳುಗಳು ಅಷ್ಟರಲ್ಲಿ ಒಳಗಿನ ನೀರು ಆರಿ ಬಿಳುಚಿಕೊಂಡು ಪುಡಿಯಾಗಿದ್ದವು. ಅಳೆದ ಹರಳೂ ಯಂತ್ರದಿಂದ ಹೊರಬಂದ ಸ್ವಲ್ಪ ಹೊತ್ತಿಗೆ ಹಾಗೇ ಆಯಿತು. ಮೇಡಂ ಚಿಂತೆ ಮಾಡಲಿಲ್ಲ. "ಬರೆದಿಟ್ಟಿದೀಯಲ್ಲ, ಮತ್ತೆ ಮಾಡೋಣ" ಅಂದರು.

ಮತ್ತೆ ಬರಲಿಲ್ಲ. ಪತ್ರಿಕೆಯೊಂದಕ್ಕೆ ಲೇಖನ ಕಳಿಸಿದ್ದೆವು, ಅಲ್ಲಿ ಅದನ್ನು ಪರಿಶೀಲಿಸಿದವರು ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕೇಳಿದ್ದರು. ಮೇಡಂ ನನ್ನ ನೋಟ್‌ಬುಕ್ಕಿನ ಪುಟವನ್ನು ಎದುರಿಗಿಟ್ಟುಕೊಂಡು ಅಕ್ಷರ ಬಿಡದೆ ಅದರಂತೆಯೇ ಮಾಡುತ್ತಿದ್ದರು. ಪ್ರತಿ ಸಲವೂ ಸೂಜಿ. ಅವರಿಲ್ಲದಾಗ ಒಮ್ಮೆ ಗುಟ್ಟಾಗಿ ಫಿಲ್ಟರಿನ ನೀರಿನಲ್ಲಿ ಮಾಡಿ ನೋಡಿದೆ. ಆಗಲೂ ಸೂಜಿಯೇ ಬಂತು. ಹಾಗಾದರೆ ನಾನು ಮಾಡಿದ್ದರಿಂದ ಏನೂ ಆಗಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬೀಕರಿನ ಮಾತು ನೆನಪಿಗೆ ಬಂದರೂ ಬರದ ಹಾಗೆ ಇದ್ದುಬಿಟ್ಟೆ.

ವಿಭಾಗದಲ್ಲಿ ಮಾತು ಶುರುವಾಯಿತು. ಒಂದೇ ಹರಳಂತೆ, ಯಾರೂ ನೋಡಿಲ್ಲವಂತೆ, ಇಷ್ಟು ವರ್ಷ ಕಾದವರಿಗೆ ಬೇಕಾದ್ದು ಕಂಡರೆ ಆಶ್ಚರ್ಯವೇನು ಎಂದು ಕಾರಿಡಾರಿನಲ್ಲಿ ಆಡಿಕೊಂಡರು. ಮುಖ್ಯಸ್ಥರು ಮೂವರ ಸಮಿತಿ ಮಾಡಿದರು. ಸಮಿತಿ ನನ್ನನ್ನೂ ಕರೆಯಿತು. ಪುಸ್ತಕದಲ್ಲಿ ಬರೆದಂತೆಯೇ ಮಾಡಿದಿರಾ ಎಂದು ಕೇಳಿದರು. ಮೇಡಂ ಕಿಟಕಿಯ ಪಕ್ಕ ಕೈಕಟ್ಟಿಕೊಂಡು ಕೂತಿದ್ದರು. ನನ್ನ ಥೀಸಿಸ್ಸು ಮುಗಿಯಲು ಆರು ತಿಂಗಳಿತ್ತು.

"ಹೌದು ಸರ್, ಬರೆದ ಹಾಗೇ ಮಾಡಿದೆ" ಅಂದೆ.

ಹೊರಗೆ ಬಂದ ಮೇಲೆ ಮೇಡಂ ನನ್ನ ಭುಜ ತಟ್ಟಿದರು. ಹೆದರಬೇಡ, ನಿಜ ಹೇಳಿದವರಿಗೆ ಏನೂ ಆಗಲ್ಲ ಅಂದರು. ಸಮಿತಿಗೆ ಮೋಸವೇನೂ ಸಿಗಲಿಲ್ಲ; ಮರಳಿ ಮಾಡಲಾಗದ ಪ್ರಯೋಗ ಎಂದಷ್ಟೇ ಬರೆಯಿತು. ಅದಾದ ವಾರಕ್ಕೆ ಮೇಡಂ ತಾವೇ ಲೇಖನ ಹಿಂದಕ್ಕೆ ತೆಗೆದುಕೊಂಡರು. ಯಾರೂ ಹೇಳಿರಲಿಲ್ಲ. ಮರಳಿ ಮಾಡಲಾಗದ್ದನ್ನು ಅಚ್ಚು ಹಾಕಿಸಬಾರದು ಎಂಬುದು ಅವರ ನಂಬಿಕೆ. ಆದರೆ ಹಿಂದಕ್ಕೆ ತೆಗೆದದ್ದನ್ನೇ ಜನ ತಪ್ಪೊಪ್ಪಿಗೆ ಎಂದುಕೊಂಡರು. ನನ್ನ ನಂತರ ಅವರ ಬಳಿ ಸಂಶೋಧನೆಗೆ ಯಾರೂ ಸೇರಲಿಲ್ಲ. ನಿವೃತ್ತಿಯವರೆಗೆ ಒಬ್ಬರೇ ಆ ಲ್ಯಾಬಿನಲ್ಲಿ ಬೀಕರು ಜೋಡಿಸುತ್ತ ಇದ್ದರಂತೆ. ಅಂತೆ ಅನ್ನುತ್ತೇನೆ, ಏಕೆಂದರೆ ಡಿಗ್ರಿ ಕೈಗೆ ಬಂದು ಬನ್ನಿಮಂಟಪದ ಕಡೆಯ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿದ ಮೇಲೆ ನಾನು ಆ ಕಡೆ ತಲೆ ಹಾಕಲಿಲ್ಲ. ಅದೇ ಊರಿನಲ್ಲಿ ಇದ್ದೂ ಹೋಗಲಿಲ್ಲ. ಯುಗಾದಿಗೊಮ್ಮೆ ಫೋನು ಮಾಡುತ್ತಿದ್ದೆ.

ನಿವೃತ್ತರಾದ ಮೇಲೆ ಅವರು ದಟ್ಟಗಳ್ಳಿಯಲ್ಲಿ ಚಿಕ್ಕ ಮನೆ ಮಾಡಿಕೊಂಡು ಹೋದರು. ಅಂಗಡಿ ಬೀದಿಯಲ್ಲಿ ಲಗೇಜು ಆಟೋಗಳು ಓಡಾಡಿ ಮನೆ ಅದುರುತ್ತದೆ ಎಂಬುದು ಕಾರಣ. ಒಂಟಿ ಹೆಂಗಸು, ಆ ವಯಸ್ಸಿನಲ್ಲಿ, ಇದೂ ಒಂದು ಕಾರಣವೇ ಎಂದು ತಮ್ಮನ ಮನೆಯವರು ಬೇಸರ ಮಾಡಿಕೊಂಡರಂತೆ.

ಮೂರು ವರ್ಷದ ಹಿಂದೆ ನನ್ನ ಕಾಲೇಜಿನಲ್ಲಿ ಒಬ್ಬ ಹುಡುಗಿ ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಬ್ಯುರೆಟ್ ನೋಡದೆಯೇ ಅಂಕಿ ಬರೆದು ತಂದಳು. ನಾನು ತರಗತಿಯ ಮುಂದೆ ನಿಲ್ಲಿಸಿ ಬೈದೆ. ಅವಳು ಅಳುತ್ತ, ತಪ್ಪಾಯ್ತು ಮೇಡಂ, ನಾನು ನೋಡದೆ ಬರೆದೆ ಎಂದು ಎಲ್ಲರ ಎದುರಿಗೆ ಒಪ್ಪಿಕೊಂಡಳು. ಹದಿನೆಂಟು ವರ್ಷದ ಹುಡುಗಿ ಮೂರು ನಿಮಿಷದಲ್ಲಿ ಮಾಡಿದ್ದನ್ನು ನಾನು ಇಷ್ಟು ವರ್ಷ ಮಾಡಿರಲಿಲ್ಲ. ಆ ಶನಿವಾರ ದಟ್ಟಗಳ್ಳಿಗೆ ಹೋದೆ.

ಮೇಡಂ ಬಹಳ ಇಳಿದುಹೋಗಿದ್ದರು. ಹಣೆಯಲ್ಲಿ ಅದೇ ತೆಳು ವಿಭೂತಿ. ನನ್ನನ್ನು ಕಂಡು ಸಂತೋಷಪಟ್ಟು, ಕಾಲೇಜು, ಮಕ್ಕಳು ಎಲ್ಲ ವಿಚಾರಿಸಿ ಕಾಫಿಗೆ ಏಳುತ್ತಿದ್ದರು. ನಾನು ಕೂರಿಸಿ ಹೇಳಿಬಿಟ್ಟೆ. ಫಿಲ್ಟರಿನ ನೀರು, ಪಕ್ಕದ ಲ್ಯಾಬಿನ ಬೀಕರು, ಸಮಿತಿಯ ಮುಂದೆ ಆಡಿದ ಸುಳ್ಳು, ಎಲ್ಲವನ್ನೂ.

ಅವರು ಕೇಳಿದ ಮೊದಲ ಮಾತು, ಆ ಬೀಕರಿನಲ್ಲಿ ಅದಕ್ಕೆ ಮುಂಚೆ ಏನಿತ್ತು ಎಂಬುದು. ನನಗೆ ಗೊತ್ತಿರಲಿಲ್ಲ. ತಳದಲ್ಲಿ ಮಚ್ಚೆ ಇತ್ತಾ, ಎಷ್ಟು ದೊಡ್ಡದು, ಅಂಚು ಒಡೆದಿತ್ತಾ ಎಂದು ಒಂದೊಂದಾಗಿ ಕೇಳಿದರು. ಗೆಳತಿಗೆ ಅಲ್ಲಿಂದಲೇ ಫೋನು ಮಾಡಿದೆ. "ಅದೆಲ್ಲ ಈಗೆಲ್ಲಿ ನೆನಪಿರುತ್ತೆ ಕಣೇ" ಎಂದು ನಕ್ಕು, ತಾನು ಆಗ ಬಳಸುತ್ತಿದ್ದ ಆರೇಳು ವಸ್ತುಗಳ ಹೆಸರು ಹೇಳಿದಳು. ಮೇಡಂ ಅವನ್ನು ಬರೆದುಕೊಂಡರು. ಬರೆದಾದ ಮೇಲೆ ಪೆನ್ನು ಕೆಳಗಿಟ್ಟು ಹೇಳಿದರು:

"ಸಮಿತಿ ಮುಂದೆ ಅವತ್ತೇ ಹೇಳಿದ್ದಿದ್ರೆ, ಆ ಬೀಕರ್ ಇನ್ನೂ ಆ ಸ್ಟ್ಯಾಂಡಲ್ಲೇ ಇರ್ತಿತ್ತು ಅಲ್ವೇನಮ್ಮ."

ನಾನು ಅಳತೊಡಗಿದೆ. ಅವರು ಒಳಗೆ ಹೋಗಿ ನನ್ನ ಹಳೆಯ ನೋಟ್‌ಬುಕ್ಕು ತಂದರು. ಆ ಪುಟದಲ್ಲಿ ಗುರುತಿಗೆ ಬಸ್ಸಿನ ಟಿಕೆಟ್ಟು ಇಟ್ಟಿದ್ದರು. ಹೊಡೆದು ಹಾಕಬೇಡ, ಓದೋಕೆ ಆಗೋ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ್ದನ್ನು ಬರೆ, ಇವತ್ತಿನ ತಾರೀಕು ಹಾಕು ಅಂದರು. ಬರೆದೆ. ಅವರು ಓದಿ ನೋಡಿ ತಲೆಯಾಡಿಸಿದರು. ಕಾಫಿ ಕೊಡಲಿಲ್ಲ. ನಾನು ಮೆಟ್ಟಿಲಿಳಿಯುವಾಗ ಬೆನ್ನ ಹಿಂದೆ ಬಾಗಿಲು ದಢಾರನೆ ಹಾಕಿಕೊಂಡಿತು. ಗಾಳಿಯಿರಲಿಲ್ಲ.

ಇನ್ನು ಅವರು ನನ್ನ ಮುಖ ನೋಡುವುದಿಲ್ಲ ಎಂದುಕೊಂಡಿದ್ದೆ. ಹದಿನೈದು ದಿನದ ಮೇಲೆ ಅವರದೇ ಫೋನು ಬಂತು. ನಿನ್ನ ಕಾಲೇಜಿನ ಲ್ಯಾಬು ಭಾನುವಾರ ತೆಗೆಯಬಹುದಾ ಎಂದು ಕೇಳಿದರು. ಪ್ರಿನ್ಸಿಪಾಲರ ಒಪ್ಪಿಗೆ ಪಡೆದೆ. ಆ ಕಾರ್ತಿಕದಿಂದ ಎರಡು ಚಳಿಗಾಲ ಮೇಡಂ ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿಕೊಂಡು ಬನ್ನಿಮಂಟಪಕ್ಕೆ ಬಂದರು. ಗೆಳತಿ ಹೇಳಿದ ಒಂದೊಂದು ವಸ್ತುವನ್ನೂ ಚಿಟಿಕೆಗಿಂತ ಕಡಿಮೆ, ಇನ್ನೂ ಕಡಿಮೆ ಬೆರೆಸಿ, ಬೀಕರುಗಳಿಗೆ ಚೀಟಿ ಅಂಟಿಸಿ ಇಡುತ್ತಿದ್ದೆವು. ಬೀಕರಿನಲ್ಲಿದ್ದ ಯಾವುದೋ ಕಲ್ಮಶ ಅಣುಗಳಿಗೆ ಅಡ್ಡ ಬಂದು, ಜೋಡಿಗಳು ಸಾಲುಗಟ್ಟುವ ಮೊದಲೇ ಹರಳನ್ನು ನಿಲ್ಲಿಸಿರಬೇಕು ಎಂದು ಅವರ ಊಹೆ. ಊಹೆ ಅಷ್ಟೇ ಎಂದು ಪ್ರತಿ ಸಲವೂ ಸೇರಿಸುತ್ತಿದ್ದರು.

ಹಳೆಯ ಮಾತು ಅವರು ಮತ್ತೆ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಆದರೆ ನಾನು ತೂಕ ಹಾಕುವಾಗ ಪಕ್ಕದಲ್ಲಿ ಬಂದು ನಿಂತು ಅಂಕಿಯನ್ನು ತಾವೂ ಓದುತ್ತಿದ್ದರು. ಮೊದಲು ಹಾಗೆ ನಿಲ್ಲುತ್ತಿರಲಿಲ್ಲ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನೋಯುತ್ತಿತ್ತು, ನೋಯಲಿ ಎಂದು ಸುಮ್ಮನಿರುತ್ತಿದ್ದೆ. ಎರಡನೆಯ ಚಳಿಗಾಲದ ಕೊನೆಗೆ ಒಂದು ದಿನ ಅವರು ಕಿಟಕಿಯ ಬಳಿಯೇ ಕೂತು, "ಎಷ್ಟಿದೆ?" ಎಂದು ಕೇಳಿದರು. ಹೇಳಿದೆ. ಎದ್ದು ಬಂದು ನೋಡದೆ ಬರೆದುಕೊಂಡರು.

ಹರಳು ಬರಲಿಲ್ಲ. ಅಷ್ಟರಲ್ಲಿ ಅವರ ಮಂಡಿ ಸೋತು ಬಸ್ಸು ಹತ್ತುವುದು ಕಷ್ಟವಾಯಿತು. ನಾನು ಕರೆತರುತ್ತೇನೆ ಎಂದರೆ ಬೇಡ ಅಂದರು. ಮನೆಯಲ್ಲಿಯೇ ಗಾಜಿನ ಲೋಟಗಳಲ್ಲಿ ದ್ರಾವಣ ಮಾಡಿ ಕಿಟಕಿಯ ಹಲಗೆಯ ಮೇಲೆ ಇಡತೊಡಗಿದರು. ನಾನು ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ. ಪರೀಕ್ಷೆಯ ಕೆಲಸ, ಮೌಲ್ಯಮಾಪನ, ಮಗಳ ಪಿಯುಸಿ. ಫೋನಿನಲ್ಲಿ ಬಂತಾ ಮೇಡಂ ಎಂದು ಕೇಳುತ್ತಿದ್ದೆ; ಇಲ್ಲಮ್ಮ ಅನ್ನುತ್ತಿದ್ದರು. ಆಮೇಲೆ ಇಬ್ಬರಿಗೂ ಬೇರೆ ಮಾತು ಸಿಗುತ್ತಿರಲಿಲ್ಲ. ಈ ಬಾರಿಯ ಆಷಾಢದಲ್ಲಿ ಅವರ ತಮ್ಮನ ಮಗಳು ಫೋನು ಮಾಡಿದಾಗ ನಾನು ದಟ್ಟಗಳ್ಳಿಗೆ ಹೋಗಿ ಐದು ತಿಂಗಳಾಗಿತ್ತು. ಮಂಗಳವಾರ ಬೆಳಿಗ್ಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದರಂತೆ, ಗುರುವಾರ ಹೋದರಂತೆ. ಮಣ್ಣಿಗೆ ನಾನು ಹೋದೆ. ವಿಭಾಗದಿಂದ ಇಬ್ಬರು ಬಂದಿದ್ದರು.

ಹನ್ನೊಂದು ದಿನ ಕಳೆದ ಮೇಲೆ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ ಎಂದು ಆ ಹುಡುಗಿ ಕರೆದಳು. ಅಂಗಡಿಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ, ಚುರುಕಿನವಳು. ಮನೆಯನ್ನೆಲ್ಲ ಗುಡಿಸಿ ಒರೆಸಿ, ಪುಸ್ತಕಗಳನ್ನು ರಟ್ಟಿನ ಡಬ್ಬಗಳಲ್ಲಿ ತುಂಬಿದ್ದಳು. ಕಿಟಕಿಯ ಹಲಗೆ ಖಾಲಿಯಿತ್ತು. ಲೋಟಗಳೆಲ್ಲಿ ಎಂದು ಕೇಳಿದೆ.

"ತೊಳ್ದು ಬೋರಲು ಹಾಕಿದೀನಿ ಅಕ್ಕ. ಎಂಟೋ ಒಂಬತ್ತೋ ಇದ್ವು. ತಳದಲ್ಲೆಲ್ಲ ಸಕ್ಕರೆ ತರ ಅಂಟ್ಕೊಂಡುಬುಟ್ಟಿತ್ತು, ಬಿಸಿನೀರು ಹುಯ್ದೆ, ಹೋಯ್ತು" ಅಂದಳು.

ಸೂಜಿಯ ಹಾಗಿತ್ತಾ, ಬಿಲ್ಲೆಯ ಹಾಗಿತ್ತಾ ಎಂದು ನಾನು ಕೇಳಲಿಲ್ಲ. ಅವಳು ನೋಡಿರಲಾರಳು. ನೋಡಿದ್ದರೂ ಅಷ್ಟು ದಿನದ ಮೇಲೆ ಎಲ್ಲ ಪುಡಿಯಾಗಿರುತ್ತಿತ್ತು. ಅವಳು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸತ್ತವರ ಮನೆಯನ್ನು ಶುಚಿ ಮಾಡಿದ್ದಳು.

ಡಬ್ಬದ ಮೇಲ್ಗಡೆಯೇ ನೋಟ್‌ಬುಕ್ಕು ಇತ್ತು. ನನ್ನ ತಿದ್ದುಪಡಿಯ ನಂತರ, ಉಳಿದಿದ್ದ ಖಾಲಿ ಪುಟಗಳನ್ನೆಲ್ಲ ಮೇಡಂ ತುಂಬಿಸಿದ್ದರು. ಒಂದೊಂದು ದಿನಕ್ಕೂ ಒಂದು ಸಾಲು: ತಾರೀಕು, ಕೋಣೆಯ ಶಾಖ, ಕೊನೆಯಲ್ಲಿ 'ಇಲ್ಲ'. ಹುಡುಗಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಏನಕ್ಕ ಇದು, ಅತ್ತೆ ಬರೀ ಇಲ್ಲ ಇಲ್ಲ ಅಂತ ಬರ್ದವ್ರೆ?" ಎಂದು ಕೇಳಿದಳು. ಹರಳು ಬಂದಿಲ್ಲ ಅಂತ ಎಂದೆ. ಯಾವ ಹರಳು ಎಂದು ಅವಳು ಕೇಳಲಿಲ್ಲ. ಅಂಗಡಿಯಿಂದ ಫೋನು ಬಂತು, ಹೊರಗೆ ಹೋದಳು.

ಕೊನೆಯ ಸಾಲು ಆ ಮಂಗಳವಾರದ್ದು. ಅಕ್ಷರ ಇಳಿಜಾರಾಗಿ ಓಡಿತ್ತು. ಉಸಿರು ಕಟ್ಟುತ್ತಿರುವಾಗ, ಆಸ್ಪತ್ರೆಗೆ ಕರೆದೊಯ್ಯಲು ಬರುವವರನ್ನು ಕಾಯುತ್ತ ಬರೆದಿರಬೇಕು. ಶಾಖ ಬರೆದಿರಲಿಲ್ಲ. 'ಇಲ್ಲ' ಎಂದೂ ಬರೆದಿರಲಿಲ್ಲ. ಎದ್ದು ಕಿಟಕಿಯವರೆಗೆ ಹೋಗಲು ಆಗದೆ, 'ನೋಡಲಿಲ್ಲ' ಎಂದು ಬರೆದಿದ್ದರು.

ನಾನು ಪೆನ್ನು ತೆಗೆದೆ. ಅದರ ಕೆಳಗೆ ನಾನು ಬರೆಯುತ್ತಿದ್ದ ದಿನದ ತಾರೀಕು ಹಾಕಿ, 'ನಾನೂ ನೋಡಲಿಲ್ಲ' ಎಂದು ಬರೆದು ಸಹಿ ಮಾಡಿದೆ.